ಬರ್ತಾ ಬೆಂಜ್ ತವರಿಗೆ ಹೋದ ದಾರಿ

ಹೋದ ವಾರ ವರ್ಕ್‌ಶಾಪಲ್ಲಿ ಹಳೇ ಜೀಪಿನ ರಿಯರ್ ಆಕ್ಸಲ್ ಬಿಚ್ಚಿದ್ವಿ. ತಿರುವಿನಲ್ಲಿ ಮಾತ್ರ ಶಬ್ದ ಬಂದ್ರೆ ಮೊದಲು ಡಿಫರೆನ್ಷಿಯಲ್ ನೋಡಿ, ಸ್ಪೀಡ್ ಏರಿದ ಹಾಗೆ ಗುಂಯ್ ಅನ್ನೋದೂ ಏರಿದ್ರೆ ಬೇರಿಂಗ್ ನೋಡಿ ಅಂತ ಸರ್ ಹೇಳಿಕೊಟ್ರು. ನನಗೆ ಬರ್ತಾ ಬೆಂಜ್ ನೆನಪಾದ್ರು. ಅವರಿಗೆ ಹೀಗೆ ಹೇಳಿಕೊಡೋಕೆ ಯಾರೂ ಇರಲಿಲ್ಲ.

ಬರ್ತಾ ಹುಟ್ಟಿದ್ದು 1849ರಲ್ಲಿ, ಜರ್ಮನಿಯ ಫೋರ್ಟ್ಸ್‌ಹೈಮ್ ಊರಲ್ಲಿ. ಕಾರ್ಲ್ ಬೆಂಜ್ ಜೊತೆ ಮದುವೆಯಾಗುವ ಮುಂಚೆಯೇ ತಮ್ಮ ವರದಕ್ಷಿಣೆ ಹಣವನ್ನು ಅವರ ವರ್ಕ್‌ಶಾಪ್ ಉಳಿಸೋಕೆ ಕೊಟ್ಟರು. 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಬಂತು. ಅದರಲ್ಲಿ ಇದ್ದದ್ದು ಕಾರ್ಲ್ ಹೆಸರು ಮಾತ್ರ. ಆದ್ರೆ ಗಾಡಿ ಕೊಳ್ಳೋರೇ ಇಲ್ಲ. ಹೀಗೇ ಆದ್ರೆ ಬರ್ತಾ ಹಾಕಿದ ಹಣ, ಗಂಡನ ಅಷ್ಟು ವರ್ಷದ ದುಡಿಮೆ, ಎರಡೂ ಮುಳುಗುತ್ತಿತ್ತು.

1888ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರ್ಕೊಂಡು ಬರ್ತಾ ಮ್ಯಾನ್‌ಹೈಮ್‌ನಿಂದ ತವರಿಗೆ ಹೊರಟೇಬಿಟ್ಟರು. ದೂರ ಸುಮಾರು 100 ಕಿ.ಮೀ.

ಆ ಗಾಡಿಯ ಎಂಜಿನ್ ಹಿಂಭಾಗದಲ್ಲಿತ್ತು. ಎಂಜಿನ್‌ನಿಂದ ಬೆಲ್ಟ್ ಮೂಲಕ ಶಕ್ತಿ ಒಂದು ಅಡ್ಡ ಶಾಫ್ಟ್‌ಗೆ ಹೋಗುತ್ತೆ. ಆ ಶಾಫ್ಟಲ್ಲೇ ಡಿಫರೆನ್ಷಿಯಲ್. ಅಲ್ಲಿಂದ ಎರಡು ಚೈನ್‌ಗಳು ಹಿಂದಿನ ಚಕ್ರಗಳನ್ನು ತಿರುಗಿಸುತ್ತವೆ. ದಾರಿಯಲ್ಲಿ ಚೈನ್ ಸಡಿಲವಾಯ್ತು. ಬ್ರೂಕ್‌ಸಾಲ್‌ನಲ್ಲಿ ಕಮ್ಮಾರನ ಹತ್ರ ಸರಿ ಮಾಡಿಸಿದರು. ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ವೀಸ್ಲೋಖ್‌ನಲ್ಲಿ ಇಂಧನ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ! ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನ ಕೈಲಿ ಅದಕ್ಕೆ ಚರ್ಮ ಹೊಡೆಸಿದರು. ಏರಿನಲ್ಲಿ ಗಾಡಿ ಹತ್ತದಿದ್ದಾಗ ಮಕ್ಕಳು ಇಳಿದು ತಳ್ಳಿದರು. ಕತ್ತಲಾಗೋ ಹೊತ್ತಿಗೆ ಊರು ಸೇರಿ ಕಾರ್ಲ್‌ಗೆ ಟೆಲಿಗ್ರಾಂ ಕೊಟ್ಟರು.

ವಾಪಸ್ ಬಂದ ಮೇಲೆ ದಾರಿಯಲ್ಲಿ ಕಂಡ ತೊಂದರೆಗಳನ್ನೆಲ್ಲ ಕಾರ್ಲ್‌ಗೆ ಹೇಳಿದರು. ಅದರಿಂದ ಗಾಡಿಗೆ ಏರು ಹತ್ತೋಕೆ ಇನ್ನೊಂದು ಗೇರ್ ಬಂತು. ಇಷ್ಟು ದೂರ ಓಡಿದ ಗಾಡಿಯ ಸುದ್ದಿ ಹರಡಿತು, ಕೊಳ್ಳೋರೂ ಬಂದರು. ಬರ್ತಾ ತೀರಿಕೊಂಡದ್ದು 1944ರಲ್ಲಿ, 95 ತುಂಬಿದ ಎರಡೇ ದಿನಕ್ಕೆ.

ನಾವು ಲ್ಯಾಬ್ ರೆಕಾರ್ಡಲ್ಲಿ ರಿಸಲ್ಟ್ ಚೆನ್ನಾಗಿ ಕಾಣ್ಲಿ ಅಂತ ತಪ್ಪು ರೀಡಿಂಗ್ ಅಳಿಸಿಬಿಡ್ತೀವಿ. ಬರ್ತಾ ಎಲ್ಲೆಲ್ಲಿ ಕೆಟ್ಟಿತು ಅನ್ನೋದನ್ನೂ ಮನೆಗೆ ತಂದರು. ಗಾಡಿ ಸುಧಾರಿಸಿದ್ದು ಅದರಿಂದಲೇ. ಈ ಸಲದ ನನ್ನ ರೆಕಾರ್ಡಲ್ಲಿ ತಪ್ಪು ರೀಡಿಂಗ್ ಹಾಗೇ ಇದೆ.