ಗೋಡೆಯನ್ನು ಹಾಳೆಯ ಮೇಲೆ ಮಲಗಿಸಿದ ಮೋಂಜ್

ಮನೆ ಕಟ್ಟಿಸಲು ಹೊರಟವರ ಬಾಯಲ್ಲಿ ‘ಎಲಿವೇಶನ್’ ಎಂಬ ಮಾತು ಈಗ ಸಾಮಾನ್ಯ. ಬೀದಿಗೆ ಕಾಣುವ ಮುಖಕ್ಕೆ ಎಂಥ ಕಲ್ಲು, ಎಷ್ಟು ಗಾಜು ಎಂಬಷ್ಟಕ್ಕೇ ಅದರ ಅರ್ಥ ನಮ್ಮ ನಗರಗಳಲ್ಲಿ ಇಳಿದುಬಿಟ್ಟಿದೆ. ನಕ್ಷೆಗಾರನ ಪಾಲಿಗೆ ಅದು ಬೇರೆಯೇ. ಕಟ್ಟಡದ ಒಂದೊಂದು ಬಿಂದುವಿನಿಂದಲೂ ನೆಟ್ಟನೆ ನಿಂತ ಸಮತಲವೊಂದಕ್ಕೆ ಲಂಬವಾಗಿ ಗೆರೆಗಳನ್ನು ಎಳೆದಾಗ ಅಲ್ಲಿ ಮೂಡುವ ಚಿತ್ರವೇ ಎಲಿವೇಶನ್, ಅಂದರೆ ಮುನ್ನೋಟ. ನೆಲಕ್ಕೆ ಇಳಿಸಿದರೆ ಮೇಲ್ನೋಟ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ಕಣ್ಣಿನ ಲೆಕ್ಕಕ್ಕೆ ಇಲ್ಲಿ ಎಡೆಯಿಲ್ಲ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳತೆ ತೆಗೆಯಲು ಸಾಧ್ಯವಾಗುವುದು ಇದರಿಂದಲೇ. ಈ ಎರಡು ಚಿತ್ರಗಳ ನಂಟನ್ನು ಒಂದು ಶಾಸ್ತ್ರವನ್ನಾಗಿ ಮಾಡಿದವನು ಫ್ರಾನ್ಸಿನ ಗಾಸ್ಪಾರ್ ಮೋಂಜ್.

ಮೋಂಜ್ ಹುಟ್ಟಿದ್ದು 1746ರ ಮೇ ತಿಂಗಳಿನಲ್ಲಿ, ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣದಲ್ಲಿ. ತಂದೆ ಸಣ್ಣ ವ್ಯಾಪಾರಿ. ಮಕ್ಕಳ ಓದಿಗೆ ಮಾತ್ರ ಆ ತಂದೆ ಕೈ ಬಿಗಿ ಹಿಡಿಯಲಿಲ್ಲ. ಊರಿನ ಪಾದ್ರಿಗಳ ಶಾಲೆ ಮುಗಿಸಿ ಲಿಯೋನ್ ನಗರಕ್ಕೆ ಹೋದ ಹುಡುಗ, ಹದಿನೇಳು ತುಂಬುವಷ್ಟರಲ್ಲಿ ಅಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ. 1764ರಲ್ಲಿ ಊರಿಗೆ ಮರಳಿ, ತಾನೇ ಮಾಡಿಕೊಂಡ ಸಲಕರಣೆಗಳಿಂದ ಅಳೆದು ಬೋನ್ ಪಟ್ಟಣದ ನಕ್ಷೆ ತಯಾರಿಸಿದ. ಅದನ್ನು ಕಂಡ ಸೇನಾಧಿಕಾರಿಯೊಬ್ಬ ಮೆಝಿಯೆರ್‌ನ ರಾಜಮನೆತನದ ಸೇನಾ ಎಂಜಿನಿಯರಿಂಗ್ ಶಾಲೆಗೆ ಅವನನ್ನು ಶಿಫಾರಸು ಮಾಡಿದ.

ಆದರೆ ಆ ಶಾಲೆಯ ಹೆಬ್ಬಾಗಿಲು ಕುಲೀನರ ಮಕ್ಕಳಿಗಷ್ಟೇ ತೆರೆಯುತ್ತಿತ್ತು. ವ್ಯಾಪಾರಿಯ ಮಗನಿಗೆ ಸಿಕ್ಕಿದ್ದು ಪಕ್ಕದ ಕಾರ್ಯಾಗಾರ. ನಕ್ಷೆಗಳನ್ನು ಬರೆಯುವುದು, ಕೋಟೆಗಳ ಮಾದರಿಗಳನ್ನು ಗಾರೆಯಲ್ಲಿ ಎರಕ ಹೊಯ್ಯುವುದು ಅಲ್ಲಿನ ಕೆಲಸ. ಒಮ್ಮೆ ಅವನಿಗೊಂದು ಕೋಟೆಯ ಲೆಕ್ಕ ಬಂತು. ಸುತ್ತಲಿನ ದಿಣ್ಣೆಗಳಿಂದ ಶತ್ರು ಹಾರಿಸುವ ಗುಂಡು ಒಳಗಿನವರನ್ನು ತಾಕಬಾರದು. ಹಾಗಾದರೆ ಗೋಡೆ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರ ಇರಬೇಕು? ಅಂಕಗಣಿತದಿಂದ ಇದನ್ನು ಬಿಡಿಸಲು ದೀರ್ಘ ಕಾಲ ಹಿಡಿಯುತ್ತಿತ್ತು. ಮೋಂಜ್ ಅಂಕಿಗಳನ್ನು ಬದಿಗಿಟ್ಟು, ದಿಣ್ಣೆಗಳನ್ನು ಸವರಿಕೊಂಡು ಹೋಗುವ ಸಮತಲಗಳನ್ನು ಹಾಳೆಯ ಮೇಲೆ ಗೆರೆಗಳಿಂದಲೇ ಕಂಡುಹಿಡಿದ. ಇಷ್ಟು ಬೇಗ ಉತ್ತರ ಬರುವುದು ಅಸಾಧ್ಯವೆಂದು ಅಧಿಕಾರಿ ಅದನ್ನು ನೋಡಲೂ ಒಪ್ಪಲಿಲ್ಲ. ನೋಡಿದ ಮೇಲೆ ಶಾಲೆಯೇ ಆ ವಿಧಾನವನ್ನು ತನ್ನದಾಗಿಸಿಕೊಂಡಿತು. ಜೊತೆಗೆ ಅದನ್ನು ಸೇನೆಯ ಗುಟ್ಟೆಂದು ಮುಚ್ಚಿಟ್ಟಿತು. 1769ರಲ್ಲಿ ಅಲ್ಲಿಯೇ ಗಣಿತದ ಪ್ರಾಧ್ಯಾಪಕನಾದಾಗಲೂ, ತನ್ನದೇ ಶೋಧವನ್ನು ಹೊರಗಿನವರಿಗೆ ಹೇಳುವ ಸ್ವಾತಂತ್ರ್ಯ ಮೋಂಜ್‌ಗೆ ಇರಲಿಲ್ಲ.

ಆ ವಿಧಾನವನ್ನು ಮನೆಯ ಕೋಣೆಯಲ್ಲಿ ಕುಳಿತೇ ತಿಳಿಯಬಹುದು. ಸೂರಿನಿಂದ ಇಳಿಬಿಟ್ಟ ದೀಪವನ್ನು ಒಂದು ಬಿಂದುವೆಂದುಕೊಳ್ಳಿ. ಅದರಿಂದ ನೆಲಕ್ಕೆ ತೂಗುಗುಂಡಿನಂತೆ ಒಂದು ಗೆರೆ, ಎದುರಿನ ಗೋಡೆಗೆ ಲಂಬವಾಗಿ ಇನ್ನೊಂದು ಗೆರೆ. ಎರಡೂ ಮುಟ್ಟಿದಲ್ಲಿ ಗುರುತು ಹಾಕಿ. ಈಗ ಗೋಡೆಯನ್ನು ಅದರ ಬುಡದ ಗೆರೆಯ ಮೇಲೆ ತಿರುಗಿಸಿ ಹಿಂದಕ್ಕೆ ಮಲಗಿಸಿದರೆ ನೆಲವೂ ಗೋಡೆಯೂ ಒಂದೇ ಹಾಳೆ. ಎರಡು ಗುರುತುಗಳೂ ಆ ಬುಡದ ಗೆರೆಗೆ ಲಂಬವಾದ ಒಂದೇ ಗೆರೆಯ ಮೇಲೆ ಬರುತ್ತವೆ. ಇವೆರಡಿದ್ದರೆ ದೀಪವು ಕೋಣೆಯ ಅವಕಾಶದಲ್ಲಿ ಎಲ್ಲಿದೆಯೆಂಬುದು ಸಂಶಯಕ್ಕೆಡೆಯಿಲ್ಲದಂತೆ ನಿಶ್ಚಿತ. ಓರೆಯಾಗಿ ನಿಂತ ತೊಲೆಯೊಂದರ ನಿಜವಾದ ಉದ್ದ ಈ ಎರಡು ಚಿತ್ರಗಳಲ್ಲಿಯೂ ಕಾಣದೆ ಹೋಗಬಹುದು. ಆಗ ಅದನ್ನು ಗೋಡೆಗೆ ಸಮಾನಾಂತರವಾಗುವವರೆಗೆ ಕಾಗದದ ಮೇಲೆಯೇ ತಿರುಗಿಸಿ ಅಳೆಯಬಹುದು. ಕಮಾನಿನ ಕಲ್ಲನ್ನು ಯಾವ ಕೋನದಲ್ಲಿ ಕಡಿಯಬೇಕು, ಎರಡು ಕೊಳವೆಗಳು ಎಲ್ಲಿ ಸಂಧಿಸುತ್ತವೆ, ಎಲ್ಲವನ್ನೂ ಹೀಗೆಯೇ ಕಂಡುಕೊಳ್ಳಬಹುದು.

ಮೇಲ್ನೋಟ, ಮುನ್ನೋಟಗಳನ್ನು ಬರೆಯುವುದು ಮೋಂಜ್‌ಗೆ ಮೊದಲೇ ಇತ್ತು. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಅವೆರಡನ್ನೂ ಹೆಸರಿಸಿದ್ದಾನೆ. ಫ್ರಾನ್ಸಿನ ಕಲ್ಲುಕುಟಿಗರು, ಬಡಗಿಗಳು ತಲೆತಲಾಂತರದಿಂದ ಇಂಥ ಗೆರೆಗಳನ್ನು ಎಳೆಯುತ್ತಿದ್ದರು. ಫ್ರೆಝಿಯೆ ಎಂಬ ಸೇನಾ ಎಂಜಿನಿಯರ್ ಕಲ್ಲು ಕಡಿಯುವ ವಿದ್ಯೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದಿದ್ದ. ಕಸುಬಿಗೊಂದರಂತೆ ಬಿಡಿಬಿಡಿಯಾಗಿದ್ದ ಈ ಉಪಾಯಗಳ ಹಿಂದೆ ಒಂದೇ ರೇಖಾಗಣಿತ ಇದೆಯೆಂದು ತೋರಿಸಿದ್ದೇ ಮೋಂಜ್‌ನ ಹೆಚ್ಚುಗಾರಿಕೆ.

ಗುಟ್ಟು ಬಯಲಾಗಲು ಕ್ರಾಂತಿಯೇ ಬೇಕಾಯಿತು. ಈ ನಡುವೆ ಮೋಂಜ್ 1780ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಚುನಾಯಿತನಾಗಿದ್ದ. 1792ರ ಆಗಸ್ಟ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ನೌಕಾ ಮಂತ್ರಿಯಾಗಿದ್ದ. ಹದಿನಾರನೆಯ ಲೂಯಿಯ ಶಿರಚ್ಛೇದ ನಡೆದದ್ದು ಈ ಅವಧಿಯಲ್ಲಿಯೇ. ರಾಜಪಕ್ಷದವರು ಅದನ್ನು ಮರೆಯಲಿಲ್ಲ. ಮಂತ್ರಿಯಾಗಿ ಅವನು ಅಷ್ಟೇನೂ ಯಶಸ್ವಿಯಲ್ಲ. ಫಿರಂಗಿ ಎರಕದ ಬಗ್ಗೆ ಕಾರ್ಖಾನೆಗಳಿಗೆ ಕೈಪಿಡಿ ಬರೆದುಕೊಡುವುದರಲ್ಲಿ ಅವನ ಕೈ ಹೆಚ್ಚು ಪಳಗಿತ್ತು. ಕ್ರಾಂತಿ ಸರ್ಕಾರ ಶಿಕ್ಷಕರನ್ನು ತಯಾರಿಸಲು ಪ್ಯಾರಿಸ್ಸಿನಲ್ಲಿ ಎಕೋಲ್ ನಾರ್ಮಾಲ್ ತೆರೆದಾಗ, 1795ರಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ಸಾವಿರಕ್ಕೂ ಹೆಚ್ಚು ಮಂದಿಯ ಮುಂದೆ ಮೋಂಜ್ ತನ್ನ ವಿಧಾನವನ್ನು ಬಿಚ್ಚಿಟ್ಟ. ಶೀಘ್ರಲಿಪಿಕಾರರು ಬರೆದುಕೊಂಡ ಆ ಪಾಠಗಳು 1799ರಲ್ಲಿ ಪುಸ್ತಕವಾದವು. ಹುಟ್ಟಿನ ಬದಲು ಸ್ಪರ್ಧಾಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಎಕೋಲ್ ಪಾಲಿಟೆಕ್ನಿಕ್ ಸ್ಥಾಪಕರಲ್ಲಿಯೂ ಅವನೊಬ್ಬ. ಯಾವ ಬಾಗಿಲು ತನಗೆ ಮುಚ್ಚಿತ್ತೋ ಅದನ್ನು ಬೇರೆಯವರಿಗೆ ತೆರೆಸಿದ್ದು ಅವನ ಬಾಳಿನ ದೊಡ್ಡ ಕೆಲಸ ಎಂದು ಈ ಲೇಖಕನ ಎಣಿಕೆ.

ಆ ಬಾಳಿನಲ್ಲಿ ಕಲೆಯೂ ಇದೆ. 1796ರಲ್ಲಿ ಇಟಲಿಗೆ ಹೋದ ಮೋಂಜ್, ಸೋತ ನಾಡಿನ ಚಿತ್ರ, ಶಿಲ್ಪಗಳನ್ನು ಆರಿಸಿ ಪ್ಯಾರಿಸ್ಸಿಗೆ ಸಾಗಿಸಿದವರಲ್ಲೊಬ್ಬ. ಅಲ್ಲಿ ಪರಿಚಯ ಗಾಢವಾದ ನೆಪೋಲಿಯನ್‌ಗೆ ಕೊನೆಯವರೆಗೆ ನಿಷ್ಠನಾಗಿ ಉಳಿದ. 1798ರಲ್ಲಿ ಅವನೊಡನೆ ಈಜಿಪ್ಟಿಗೆ ಹೋಗಿ, ಕೈರೋದ ವಿದ್ವತ್ ಸಂಸ್ಥೆಯ ಅಧ್ಯಕ್ಷನಾಗಿ, ಮರುಭೂಮಿಯ ಬಿಸಿಲ್ಗುದುರೆಗೆ ಕಾರಣವನ್ನು ವಿವರಿಸಿದ. ಗಣರಾಜ್ಯದ ಈ ಕಟ್ಟಾಳು 1808ರಲ್ಲಿ ಸಾಮ್ರಾಟನಿಂದ ಕೌಂಟ್ ಪದವಿಯನ್ನೂ ಸ್ವೀಕರಿಸಿದ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಹುಡುಗರು ಪರದಾಡುವ ‘ಎಕ್ಸ್‌ವೈ’ ಗೆರೆ ಬೇರಾವುದೂ ಅಲ್ಲ, ಮೋಂಜ್‌ನ ಗೋಡೆಯ ಬುಡ. ಭಾರತದಲ್ಲಿ ಬಳಕೆಯಲ್ಲಿರುವ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಮೇಲ್ನೋಟವು ಮುನ್ನೋಟದ ಕೆಳಗೆ ಬರುವುದು, ಗೋಡೆ ಹಿಂದಕ್ಕೆ ಮಲಗಿದ್ದರಿಂದ. ಅಮೆರಿಕದವರ ಥರ್ಡ್ ಆ್ಯಂಗಲ್ ಪದ್ಧತಿಯಲ್ಲಿ ಮೇಲ್ನೋಟ ಮೇಲೆಯೇ ಕೂರುತ್ತದೆ. ಯಾವ ಪದ್ಧತಿಯೆಂದು ಹಾಳೆಯ ಮೂಲೆಯಲ್ಲಿ ಗುರುತಿಸದಿದ್ದರೆ ಎಡಬಲ ಅದಲುಬದಲಾಗಿ ಕೆಲಸವೇ ಕೆಟ್ಟೀತು.

ನೆಪೋಲಿಯನ್ ಪತನದ ನಂತರ ರಾಜರು ಮರಳಿದರು. 1816ರಲ್ಲಿ ಮೋಂಜ್‌ನನ್ನು ಅಕಾಡೆಮಿಯಿಂದ ಹೊರಹಾಕಿ, ಅವನ ಸ್ಥಾನಕ್ಕೆ ಯುವಗಣಿತಜ್ಞ ಕೋಶಿಯನ್ನು ನೇಮಿಸಲಾಯಿತು. 1818ರ ಜುಲೈ 28ರಂದು ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಹೋಗಲು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅನುಮತಿ ಸಿಗಲಿಲ್ಲ. ರಜೆ ಸಿಕ್ಕ ದಿನ ಅವರು ತಾವಾಗಿ ಪೆರ್ ಲಾಶೇಸ್ ಸ್ಮಶಾನಕ್ಕೆ ನಡೆದು ಹೋಗಿ ಸಮಾಧಿಯ ಮೇಲೆ ಹೂವಿನ ಹಾರ ಇಟ್ಟು ಬಂದರು. ಕ್ರಾಂತಿಯ ಇನ್ನೂರನೆಯ ವರ್ಷವಾದ 1989ರಲ್ಲಿ ಫ್ರಾನ್ಸ್ ಸರ್ಕಾರ ಅವನ ಅಸ್ಥಿಗಳನ್ನು ಅಲ್ಲಿಂದ ತೆಗೆದು ಪಾಂತೆಯಾನ್ ಭವನದಲ್ಲಿ ಇರಿಸಿತು.