ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಜಿಲ್ಲೆಯ ಹಿರಿಯರೊಬ್ಬರ ಕುರಿತು ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಹೆಸರು ಹುಡುಕಲು ಹೋಗಲಿಲ್ಲ. ಬೆಂಗ್ರೆಯ ಈ ಶಾಲೆಯಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ಸಂವಿಧಾನದ ಪಾಠ ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತಿತ್ತು: ಮೂಲಭೂತ ಹಕ್ಕುಗಳನ್ನು ಅಮೆರಿಕದಿಂದಲೂ ನಿರ್ದೇಶಕ ತತ್ವಗಳನ್ನು ಐರ್ಲೆಂಡಿನಿಂದಲೂ ಪಡೆಯಲಾಗಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಂದು ಅಂಕ ಗಳಿಸುತ್ತಿದ್ದರು. ಆದರೆ ಪಡೆದವರು ಯಾರು? ಅಂಗಡಿಯಿಂದ ಸಾಮಾನು ತಂದ ಹಾಗೆ ಹಕ್ಕುಗಳನ್ನು ತರಲು ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಿಗುವ ಮುಖ್ಯ ಹೆಸರು ಬೆನಗಲ್ ನರಸಿಂಗ ರಾಯರದ್ದು. ಅವರು ಹುಟ್ಟಿದ್ದು ನಮ್ಮ ಹೊಳೆಯ ಆಚೆ ದಡದ ಮಂಗಳೂರಿನಲ್ಲಿ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಆ ಮನೆಯ ಮಕ್ಕಳೆಲ್ಲ ಒಂದೊಂದು ದಾರಿಯಲ್ಲಿ ಹೆಸರು ಮಾಡಿದವರೇ. ತಮ್ಮಂದಿರಲ್ಲಿ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಪತ್ರಕರ್ತ ಶಿವ ರಾಯರು ಸಂವಿಧಾನ ಸಭೆಯ ಸದಸ್ಯರಾಗಿದ್ದು, 1952ರ ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆರಿಸಿಹೋದರು. ನರಸಿಂಗ ರಾಯರು ಓದಿದ್ದು ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕಟ್ಟಿದ ಶಾಲೆ ಅದು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಹುಡುಗ ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗನಾದ.

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಮೊದಲೇ ರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1905ರಲ್ಲಿ ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ ಪಡೆದರು. ಮರುವರ್ಷ ಗಣಿತದಲ್ಲೂ ಅದೇ ಆಯಿತು. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ಹೊತ್ತಿಗೆ ಜವಾಹರಲಾಲ್ ನೆಹರೂ ಕೂಡ ಅಲ್ಲಿ ಓದುತ್ತಿದ್ದರು. ರಾಯರು 1909ರಲ್ಲಿ ಗಣಿತದ ಟ್ರೈಪಾಸ್ ಮುಗಿಸಿ, ಐ.ಸಿ.ಎಸ್. ಪರೀಕ್ಷೆಯಲ್ಲೂ ತೇರ್ಗಡೆಯಾಗಿ, ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು.

ಗಣಿತ ಕಲಿತವರು ಕಾನೂನಿನಲ್ಲಿ ಹೆಸರು ಮಾಡಿದ್ದು ಹೇಗೆ ಎಂದು ಮಕ್ಕಳು ಕೇಳುತ್ತಿದ್ದರು. ರಾಯರು ಕೆಲವೇ ವರ್ಷಗಳಲ್ಲಿ ಆಡಳಿತ ಬಿಟ್ಟು ನ್ಯಾಯಾಂಗಕ್ಕೆ ಬಂದು, ಪೂರ್ವ ಬಂಗಾಳ ಮತ್ತು ಅಸ್ಸಾಮಿನ ಜಿಲ್ಲೆಗಳಲ್ಲಿ ನ್ಯಾಯಾಧೀಶರಾದರು. ಆಮೇಲೆ ಅಸ್ಸಾಂ ಸರಕಾರದ ಕಾನೂನು ಕಾರ್ಯದರ್ಶಿಯಾಗಿ ಮಸೂದೆ ಬರೆಯುವ ಕೆಲಸ ಕಲಿತರು. ಒಂದು ಪದ ಹೆಚ್ಚಾದರೂ ಕಡಿಮೆಯಾದರೂ ಅರ್ಥ ಕೆಡುವ ಕೆಲಸ ಅದು. ಗಣಿತದ ಶಿಸ್ತು ಅಲ್ಲಿ ಕೈಹಿಡಿದಿರಬೇಕೆಂದು ನನ್ನ ಊಹೆ. 1935ರ ಭಾರತ ಸರಕಾರ ಕಾಯ್ದೆ ಬಂದ ಮೇಲೆ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸುವ ಹೊಣೆ ಅವರಿಗೆ ಬಂತು. ಬಳಿಕ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಸಿಂಧೂ ನದಿಯ ನೀರಿಗಾಗಿ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವೆ ತಕರಾರು ಬಂದಾಗ ವಿಚಾರಣಾ ಆಯೋಗಕ್ಕೂ, ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪ್ರಶ್ನೆ ಎದ್ದಾಗ ಹಿಂದೂ ಕಾನೂನು ಸಮಿತಿಗೂ ಅವರೇ ಅಧ್ಯಕ್ಷರು. 1944ರಲ್ಲಿ ನಿವೃತ್ತರಾಗಿ ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು.

1946ರಲ್ಲಿ ಸಂವಿಧಾನ ಸಭೆ ಕೂಡುವುದೆಂದು ನಿಶ್ಚಯವಾದಾಗ ರಾಯರು ಅದರ ಸಾಂವಿಧಾನಿಕ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ, ಸಂಬಳವನ್ನೂ ಪಡೆಯಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳಿಂದ ಉಪಯುಕ್ತ ಭಾಗಗಳನ್ನು ಆರಿಸಿ ಪುಸ್ತಿಕೆ ಮಾಡಿ ಸದಸ್ಯರಿಗೆ ಹಂಚಿದರು, ಪ್ರಶ್ನಾವಳಿ ಕಳುಹಿಸಿ ಅಭಿಪ್ರಾಯ ಕೇಳಿದರು. ಹಕ್ಕುಗಳನ್ನು ಎರಡು ಭಾಗ ಮಾಡಬೇಕೆಂಬ ಸಲಹೆಯೂ ಅವರದು. ಕೋರ್ಟಿಗೆ ಹೋಗಿ ಪಡೆಯಬಹುದಾದವು ಒಂದು ಕಡೆ, ಸರಕಾರ ಕ್ರಮೇಣ ಈಡೇರಿಸಬೇಕಾದವು ಇನ್ನೊಂದು ಕಡೆ. 1937ರ ಐರ್ಲೆಂಡ್ ಸಂವಿಧಾನದಲ್ಲಿ ಇದಕ್ಕೆ ಮಾದರಿಯಿತ್ತು. ನಮ್ಮ ಮೂಲಭೂತ ಹಕ್ಕುಗಳು ಮತ್ತು ನಿರ್ದೇಶಕ ತತ್ವಗಳು ಹೀಗೆ ಬೇರೆಬೇರೆಯಾದವು.

1947ರ ಅಕ್ಟೋಬರ್ ಹೊತ್ತಿಗೆ ರಾಯರು ಸುಮಾರು 240 ವಿಧಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ.ಆರ್. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು ಕೆಲಸ ಆರಂಭಿಸಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾಯರ ಹೆಸರನ್ನು ಮುಂದೆ ಮಾಡಿ ಅಂಬೇಡ್ಕರರನ್ನು ಸಣ್ಣವರನ್ನಾಗಿ ತೋರಿಸುವವರು ಅಲ್ಲಲ್ಲಿ ಸಿಗುತ್ತಾರೆ. ಅದು ನ್ಯಾಯವಲ್ಲ. ಮೊದಲ ಕರಡನ್ನು ತಿದ್ದಿ, ಬೆಳೆಸಿ, 395 ವಿಧಿಗಳ ಸಂವಿಧಾನವನ್ನಾಗಿಸಿ, ಸಭೆಯಲ್ಲಿ ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟು ದಡ ಸೇರಿಸಿದವರು ಅಂಬೇಡ್ಕರರು. ಅವರಾದರೋ 1949ರ ನವೆಂಬರಿನಲ್ಲಿ ತಮ್ಮ ಕೊನೆಯ ಭಾಷಣದಲ್ಲಿ ಈ ಕೀರ್ತಿಯ ಒಂದು ಪಾಲು ರಾಯರಿಗೆ ಸಲ್ಲಬೇಕೆಂದು ತಾವಾಗಿಯೇ ಹೇಳಿದರು. ಇಬ್ಬರನ್ನೂ ಗೌರವಿಸಲು ಅಷ್ಟು ಸಾಕು.

ಕರಡು ಮುಗಿದ ಕೂಡಲೇ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಹೊರಟರು. ಪುಸ್ತಕದಲ್ಲಿ ಓದಿದ ಸಂವಿಧಾನ ನಡೆಯುವಾಗ ಹೇಗಿರುತ್ತದೆ ಎಂದು ನಡೆಸುವವರ ಬಾಯಿಂದಲೇ ಕೇಳಿ ತಿಳಿಯುವುದು ಉದ್ದೇಶ.

ಅಮೆರಿಕದ ಕಥೆ ಚುಟುಕಾಗಿ ಹೇಳುತ್ತೇನೆ. ಅವರ ಸಂವಿಧಾನ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾಯಿತು. ಮೊದಲು ಅದರಲ್ಲಿ ಹಕ್ಕುಗಳ ಪಟ್ಟಿ ಇರಲಿಲ್ಲ. ಜನ ಒಪ್ಪದ್ದರಿಂದ 1791ರಲ್ಲಿ ಹತ್ತು ತಿದ್ದುಪಡಿಗಳಾಗಿ ಸೇರಿತು. ಆಗಲೂ ಗುಲಾಮರಿಗೆ ಆ ಹಕ್ಕುಗಳಿರಲಿಲ್ಲ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಕರಿಯ ಜನಾಂಗದವನ ಮೊಕದ್ದಮೆಯಲ್ಲಿ, ಅವನ ಜನ ಈ ದೇಶದ ಪೌರರೇ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದೊಡ್ಡ ಅಂತರ್ಯುದ್ಧ ನಡೆದ ಮೇಲೆ, 1868ರ ಹದಿನಾಲ್ಕನೇ ತಿದ್ದುಪಡಿ ಆ ನೆಲದಲ್ಲಿ ಹುಟ್ಟಿದವರನ್ನು ಪೌರರೆಂದು ಘೋಷಿಸಿತು. ಕಾನೂನು ಎಲ್ಲರನ್ನೂ ಸಮನಾಗಿ ಕಾಯಬೇಕೆಂಬ ಮಾತು ಅಲ್ಲಿಂದಲೇ ನಮ್ಮ 14ನೇ ವಿಧಿಗೆ ಬಂತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇತ್ತು. ಡ್ಯೂ ಪ್ರೋಸೆಸ್, ಅಂದರೆ ನ್ಯಾಯವಾದ ಕಾನೂನು ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರಕಾರ ಕಿತ್ತುಕೊಳ್ಳುವಂತಿಲ್ಲ.

ಈ ಮಾತನ್ನು ಮಕ್ಕಳಿಗೆ ನಾನು ಹೀಗೆ ಬಿಡಿಸಿ ಹೇಳುತ್ತಿದ್ದೆ. ದಕ್ಕೆಯಲ್ಲಿ ಮೀನು ಇಳಿಸುತ್ತಿದ್ದ ಒಬ್ಬನನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು ಎಂದುಕೊಳ್ಳಿ. ಕೋರ್ಟು ಎರಡು ಪ್ರಶ್ನೆ ಕೇಳಬಹುದು. ಹೀಗೆ ಹಿಡಿಯಲು ಕಾನೂನು ಇದೆಯೇ ಎಂಬುದು ಒಂದು. ಇದ್ದರೂ ಆ ಕಾನೂನು ನ್ಯಾಯವಾದದ್ದೇ ಎಂಬುದು ಎರಡನೆಯದು. ಡ್ಯೂ ಪ್ರೋಸೆಸ್ ಇದ್ದರೆ ಎರಡನೇ ಪ್ರಶ್ನೆಯನ್ನೂ ಕೇಳಬಹುದು. ಇಲ್ಲದಿದ್ದರೆ ಮೊದಲನೆಯದಕ್ಕೇ ನಿಲ್ಲಬೇಕಾದೀತು.

ಹಾಗಾದರೆ ಅದು ಒಳ್ಳೆಯದೇ ಅಲ್ಲವೇ? ರಾಯರಿಗೆ ಅಲ್ಲಿ ಬೇರೆ ಮುಖವೂ ಕಂಡಿತು. ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. 1905ರಲ್ಲಿ ಸುಪ್ರೀಂ ಕೋರ್ಟು ಇದೇ ಡ್ಯೂ ಪ್ರೋಸೆಸ್ ಹೆಸರಿನಲ್ಲಿ ಆ ಕಾನೂನನ್ನೇ ಹೊಡೆದುಹಾಕಿತು. ಬಡವರ ಪರವಾದ ಇನ್ನೂ ಹಲವು ಕಾನೂನುಗಳಿಗೆ ಇದೇ ಗತಿಯಾಯಿತು. ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರಾಯರೊಡನೆ ಮಾತಾಡುತ್ತಾ, ಜನ ಆರಿಸಿದ ಶಾಸನಸಭೆಯ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು, ನ್ಯಾಯಾಧೀಶರಿಗೂ ಅದು ಹೊರೆ ಎಂಬ ಅಭಿಪ್ರಾಯ ಕೊಟ್ಟರು.

ರಾಯರ ಮನಸ್ಸಿನಲ್ಲಿದ್ದ ಆತಂಕವನ್ನು ನಮ್ಮ ಜಿಲ್ಲೆಯವರು ಸುಲಭವಾಗಿ ತಿಳಿಯಬಹುದು. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎಷ್ಟೋ ಮನೆತನಗಳು ಇನ್ನೊಬ್ಬರ ಭೂಮಿಯಲ್ಲಿ ತಲೆಮಾರುಗಟ್ಟಲೆ ದುಡಿದವು. ಸ್ವತಂತ್ರ ಭಾರತ ಗೇಣಿದಾರರಿಗೆ ಭೂಮಿ ಕೊಡಲು ಹೊರಟಾಗ ಕೋರ್ಟುಗಳು ತಡೆದರೆ ಏನು ಗತಿ? ಈ ಹೆದರಿಕೆ ಸುಳ್ಳಲ್ಲ. ಡ್ಯೂ ಪ್ರೋಸೆಸ್ ಇಲ್ಲದೆಯೂ 1951ರಲ್ಲಿ ಪಟ್ನಾ ಹೈಕೋರ್ಟು ಬಿಹಾರದ ಭೂಸುಧಾರಣೆ ಕಾನೂನನ್ನು ತಳ್ಳಿಹಾಕಿತು. ಸಂವಿಧಾನದ ಮೊದಲ ತಿದ್ದುಪಡಿ ಬಂದದ್ದು ಅದರ ಹಿಂದೆಯೇ.

ರಾಯರು ಮರಳಿ ಬಂದ ಮೇಲೆ ಕರಡು ಸಮಿತಿ ಡ್ಯೂ ಪ್ರೋಸೆಸ್ ಎಂಬುದನ್ನು ತೆಗೆದು, ಕಾನೂನಿನ ಮೂಲಕ ಸ್ಥಾಪಿತವಾದ ಕ್ರಮ ಎಂಬ ಮಾತನ್ನು ಹಾಕಿತು. ಅದು ಜಪಾನಿನ ಹೊಸ ಸಂವಿಧಾನದಲ್ಲಿದ್ದ ಮಾತು. ಸಭೆಯಲ್ಲಿ ದೊಡ್ಡ ಚರ್ಚೆಯಾಯಿತು. ಕೆ.ಎಂ. ಮುನ್ಶಿಯಂಥವರು ಬಲವಾಗಿ ವಿರೋಧಿಸಿದರು. ಶಾಸಕರನ್ನು ನಂಬುವುದೋ ನ್ಯಾಯಾಧೀಶರನ್ನು ನಂಬುವುದೋ ಎಂಬ ಇಕ್ಕಟ್ಟನ್ನು ಅಂಬೇಡ್ಕರರು ಸಭೆಯ ಮುಂದಿಟ್ಟು ತೀರ್ಮಾನ ಅದಕ್ಕೇ ಬಿಟ್ಟರು. 1948ರ ಡಿಸೆಂಬರಿನಲ್ಲಿ ಹೊಸ ಮಾತೇ ಉಳಿಯಿತು. ಈಗಿನ 21ನೇ ವಿಧಿ ಅದು. ಆದ ನಷ್ಟವನ್ನು ಸ್ವಲ್ಪವಾದರೂ ತುಂಬಲು ಅಂಬೇಡ್ಕರರು ಮರುವರ್ಷ 22ನೇ ವಿಧಿಯನ್ನು ತಂದರು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವುದು ಅದೇ. ಆದರೆ ಮುಂಜಾಗ್ರತಾ ಬಂಧನಕ್ಕೆ ಈ ರಕ್ಷಣೆ ಪೂರ್ತಿ ಸಿಗಲಿಲ್ಲ.

ಅದರ ಬೆಲೆ ಬೇಗನೆ ಗೊತ್ತಾಯಿತು. ಕಣ್ಣೂರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಹೋದವರು, ವಿಚಾರಣೆಯಿಲ್ಲದೆ ಮದ್ರಾಸ್ ರಾಜ್ಯದ ಜೈಲಿನಲ್ಲಿದ್ದರು. 1950ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಬಹುಮತದ ನ್ಯಾಯಮೂರ್ತಿಗಳು, ಕಾನೂನು ಇದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು 21ನೇ ವಿಧಿಯಡಿ ತಾವು ಕೇಳುವಂತಿಲ್ಲ ಎಂದರು. ನ್ಯಾಯಮೂರ್ತಿ ಫಜಲ್ ಅಲಿ ಒಪ್ಪಲಿಲ್ಲ. ಅವರ ಭಿನ್ನಮತಕ್ಕೆ ಮನ್ನಣೆ ಸಿಗಲು 28 ವರ್ಷ ಬೇಕಾಯಿತು. ತುರ್ತುಪರಿಸ್ಥಿತಿ ಕಳೆದ ಮೇಲೆ, 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಆ ಕ್ರಮ ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ರಾಯರು ಅಮೆರಿಕದಲ್ಲಿ ಬಿಟ್ಟು ಬಂದದ್ದು ಸುತ್ತು ದಾರಿಯಿಂದ ಮನೆಗೆ ಬಂತು.

ಹಾಗಾದರೆ ರಾಯರು ಮಾಡಿದ್ದು ಸರಿಯೇ? ಭೂಮಿಯ ವಿಷಯದಲ್ಲಿ ಅವರ ಎಚ್ಚರಿಕೆ ಸರಿ, ಆಳಿನ ಸ್ವಾತಂತ್ರ್ಯದ ವಿಷಯದಲ್ಲಿ ಅದರ ಬೆಲೆಯನ್ನು ಜೈಲಿನಲ್ಲಿದ್ದವರು ತೆತ್ತರು ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳು ಎಲ್ಲರೂ ಇದನ್ನು ಒಪ್ಪಿದವರಲ್ಲ. ಒಪ್ಪದೆ ವಾದಿಸಿದವರೇ ಪಾಠವನ್ನು ಚೆನ್ನಾಗಿ ಕಲಿತರು.

ರಾಯರಿಗೆ ಇದೆಲ್ಲ ನೋಡಲು ಆಯುಷ್ಯವಿರಲಿಲ್ಲ. ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತಿದ್ದವರು ಈ ಮಂಗಳೂರಿನವರು. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. 1988ರಲ್ಲಿ ಭಾರತ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

21ನೇ ವಿಧಿ ಅಲ್ಲಿಗೆ ನಿಲ್ಲಲಿಲ್ಲ. 1985ರಲ್ಲಿ ಬೊಂಬಾಯಿಯ ಫುಟ್‌ಪಾತ್ ನಿವಾಸಿಗಳ ಮೊಕದ್ದಮೆಯಲ್ಲಿ, ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ದಾರಿಯೂ ಸೇರಿದೆ ಎಂದಾಯಿತು. 1992ರಲ್ಲಿ ನಮ್ಮ ಕರ್ನಾಟಕದ ಕಾಲೇಜು ಶುಲ್ಕದ ವಿಷಯದಲ್ಲಿ ಬಂದ ಮೋಹಿನಿ ಜೈನ್ ತೀರ್ಪು ಶಿಕ್ಷಣವನ್ನೂ ಅದರೊಳಗೆ ತಂದಿತು. 2002ರ ತಿದ್ದುಪಡಿಯಿಂದ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕಾಯಿತು. ನಮ್ಮ ಎಂಟನೇ ತರಗತಿಯ ಮಕ್ಕಳು ಬೆಂಚಿನಲ್ಲಿ ಕೂರುವುದು ಯಾರ ದಯೆಯಿಂದಲೂ ಅಲ್ಲ, ಆ ಹಕ್ಕಿನಿಂದ. ಮಕ್ಕಳಿಗೆ ಇದನ್ನು ಮನೆಯಲ್ಲೂ ಹೇಳಿಕೊಡಿ ಎಂದು ಊರಿನ ಹಿರಿಯರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ. ಒಂದು ಅಂಕದ ಆ ವಾಕ್ಯದ ಹಿಂದೆ ಇಷ್ಟು ದೊಡ್ಡ ಜಗಳ ಇತ್ತು ಎಂದು ಅವರಿಗೂ ತಿಳಿಯಲಿ.