ತಾನೇ ಮಾಡಿದ್ದು ತನಗೇ ವಿಷ

ಲ್ಯಾಬ್‌ನಲ್ಲಿ ಅಸಿಟೋನ್ ಬಾಟಲಿ ನೋಡದವರು ನಮ್ಮಲ್ಲಿ ಕಮ್ಮಿ. ಗಾಜಿನ ಸಾಮಾನು ತೊಳೆಯೋಕೆ ಒಂದಿಷ್ಟು ಸುರಿದು ಮರೆತುಬಿಡ್ತೀವಿ. ಆದರೆ ನೂರು ವರ್ಷದ ಹಿಂದೆ ಇದೇ ದ್ರವಕ್ಕಾಗಿ ಬ್ರಿಟಿಷ್ ನೌಕಾಪಡೆ ತಲೆ ಕೆಡಿಸಿಕೊಂಡಿತ್ತು. ಆಗ ದಾರಿ ತೋರಿಸಿದವರು ಚೈಮ್ ವೈಜ್‌ಮನ್. ಇತಿಹಾಸದ ಪುಸ್ತಕದಲ್ಲಿ ಅವರು ಇಸ್ರೇಲಿನ ಮೊದಲ ಅಧ್ಯಕ್ಷರು. ನಮಗೆ ಹೆಚ್ಚು ಹತ್ತಿರವಾಗಿದ್ದು ಅವರೊಳಗಿನ ಕೆಮಿಸ್ಟ್.

1874ರ ನವೆಂಬರ್ 27ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ (ಈಗ ಬೆಲಾರುಸ್) ಮೋಟೊಲ್ ಎಂಬ ಪುಟ್ಟ ಊರಲ್ಲಿ ಹುಟ್ಟಿದರು. ಅಪ್ಪ ಮರದ ವ್ಯಾಪಾರಿ, ಮನೆ ತುಂಬ ಮಕ್ಕಳು. ಓದೋಕೆ ಜರ್ಮನಿಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋದರು. 1899ರಲ್ಲಿ ಫ್ರೀಬೋರ್ಗ್‌ನಲ್ಲಿ ಡಾಕ್ಟರೇಟ್ ಬಂತು. 1904ರಲ್ಲಿ ಮ್ಯಾಂಚೆಸ್ಟರ್ ಸೇರಿದರು. ಅಲ್ಲಿ ಪ್ರೊಫೆಸರ್ ಆಗುವ ಆಸೆ ಮಾತ್ರ ಕೈಗೂಡಲಿಲ್ಲ.

1910ರ ಸುಮಾರಿಗೆ ರಬ್ಬರ್ ಬೆಲೆ ಏರಿತ್ತು. ಬ್ಯೂಟನಾಲ್ ಸಿಕ್ಕರೆ ಅದರಿಂದ ಕೃತಕ ರಬ್ಬರ್ ಮಾಡಬಹುದು ಅನ್ನೋ ಲೆಕ್ಕಾಚಾರ ನಡೆದಿತ್ತು. ಬ್ಯೂಟನಾಲ್ ಮಾಡುವ ಬ್ಯಾಕ್ಟೀರಿಯಾ ಹುಡುಕುತ್ತಾ ಹೊರಟ ವೈಜ್‌ಮನ್‌ಗೆ ಸಿಕ್ಕಿದ್ದು ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ. ಜೋಳದ ಹಿಟ್ಟನ್ನು ತಿಂದು ಅದು ಅಸಿಟೋನ್, ಬ್ಯೂಟನಾಲ್, ಎಥನಾಲ್ ಮೂರನ್ನೂ ಕೊಡುತ್ತಿತ್ತು, ಹೆಚ್ಚುಕಮ್ಮಿ 3:6:1 ಪ್ರಮಾಣದಲ್ಲಿ.

1914ರಲ್ಲಿ ಯುದ್ಧ ಶುರುವಾಯಿತು. ಕಾರ್ಡೈಟ್ ಸಿಡಿಮದ್ದು ತಯಾರಿಸೋಕೆ ಅಸಿಟೋನ್ ಬೇಕೇ ಬೇಕು. ಮರ ಸುಟ್ಟು ತೆಗೆಯುವ ಹಳೇ ವಿಧಾನದಲ್ಲಿ ಸಾಕಾಗುವಷ್ಟು ಸಿಗುತ್ತಿರಲಿಲ್ಲ. ವೈಜ್‌ಮನ್‌ರ ಬ್ಯಾಕ್ಟೀರಿಯಾ ಲ್ಯಾಬ್‌ನಿಂದ ಲಂಡನ್ನಿನ ಮದ್ಯದ ಡಿಸ್ಟಿಲರಿಗೆ ಬಂತು, ಆಮೇಲೆ ದೊಡ್ಡ ಕಾರ್ಖಾನೆಗಳಿಗೆ, ಕೆನಡಾಕ್ಕೂ ಹೋಯಿತು. 1917ರಲ್ಲಿ ಧಾನ್ಯಕ್ಕೇ ತತ್ವಾರವಾದಾಗ ಶಾಲೆ ಮಕ್ಕಳ ಕೈಲಿ ಹಾರ್ಸ್ ಚೆಸ್ಟ್‌ನಟ್ ಕಾಯಿ ಆರಿಸಿದರು. ಯಾಕೆ ಅಂತ ಆ ಮಕ್ಕಳಿಗೆ ಹೇಳಲಿಲ್ಲ. ಊಟದ ಕಾಳು ಮದ್ದುಗುಂಡಿಗೆ ಹೋಗಬೇಕಾ ಅನ್ನೋ ಪ್ರಶ್ನೆ ಓದುವಾಗ ನಮ್ಮನ್ನೂ ಕಾಡಿತು.

ಈಗ ನಮ್ಮ ಸಿಲಬಸ್ಸಿಗೆ ಹತ್ತಿರದ ವಿಷಯ. ಈ ಬ್ಯಾಕ್ಟೀರಿಯಾ ಮೊದಲು ಅಸಿಟಿಕ್, ಬ್ಯುಟಿರಿಕ್ ಆಮ್ಲ ಮಾಡುತ್ತೆ. ಪಿಎಚ್ ಇಳಿದಂತೆ ಆ ಆಮ್ಲ ಕೋಶದೊಳಗೇ ನುಗ್ಗಿ ಪ್ರೋಟಾನ್ ವ್ಯತ್ಯಾಸವನ್ನು ಹಾಳು ಮಾಡುತ್ತೆ. ಬದುಕಬೇಕಲ್ಲ, ಅದಕ್ಕೆ ಆಮ್ಲವನ್ನು ವಾಪಸ್ ಎಳೆದುಕೊಂಡು ಅಸಿಟೋನ್, ಬ್ಯೂಟನಾಲ್ ಆಗಿ ಬದಲಾಯಿಸುತ್ತೆ. ಅಂದರೆ ನಮಗೆ ಬೇಕಾದ ಪ್ರಾಡಕ್ಟ್ ಅದಕ್ಕೆ ಪ್ರಾಣ ಉಳಿಸಿಕೊಳ್ಳುವ ದಾರಿ. ಆದರೆ ಬ್ಯೂಟನಾಲ್ ಕೂಡ ವಿಷವೇ. ಅದು ಕೋಶದ ಪೊರೆಗೆ ಸೇರಿ ಪೊರೆಯನ್ನು ಸಡಿಲ ಮಾಡುತ್ತೆ. ಬ್ಯಾಕ್ಟೀರಿಯಾ ಸ್ಯಾಚುರೇಟೆಡ್ ಕೊಬ್ಬಿನಾಮ್ಲ ಹೆಚ್ಚಿಸಿ ಪೊರೆ ಗಟ್ಟಿ ಮಾಡಿಕೊಳ್ಳಲು ನೋಡುತ್ತೆ. ಲೀಟರಿಗೆ ಸುಮಾರು 13 ಗ್ರಾಂ ದಾಟುವ ಹೊತ್ತಿಗೆ ಸೋಲುತ್ತೆ. ಉಳಿದದ್ದೆಲ್ಲ ಬಹುಪಾಲು ನೀರು. ಬ್ಯೂಟನಾಲ್ ಕುದಿಯುವುದು ನೀರಿಗಿಂತ ಹೆಚ್ಚು ತಾಪದಲ್ಲಿ, ಸುಮಾರು 118 ಡಿಗ್ರಿಯಲ್ಲಿ. ಹಾಗಾಗಿ ಬೇರ್ಪಡಿಸುವ ಖರ್ಚೇ ದೊಡ್ಡದು. ಮುಂದೆ ಪೆಟ್ರೋಲಿಯಂನಿಂದ ಅಗ್ಗದ ಸಾಲ್ವೆಂಟ್ ಬಂದಾಗ ವೈಜ್‌ಮನ್ ವಿಧಾನ ಹಿಂದೆ ಬೀಳೋಕೆ ಇದೂ ಒಂದು ಕಾರಣ.

ಯುದ್ಧಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಬ್ಯೂಟನಾಲ್, 1920ರ ದಶಕದಲ್ಲಿ ಕಾರುಗಳ ಲ್ಯಾಕರ್ ಪೇಂಟಿಗೆ ಬೇಕಾಗಿ ಅಸಿಟೋನ್‌ಗಿಂತ ಮುಖ್ಯವಾಯಿತು. ಅಷ್ಟರಲ್ಲಿ ವೈಜ್‌ಮನ್ ಪೂರ್ತಿ ರಾಜಕೀಯದಲ್ಲಿದ್ದರು. ಆದರೂ ಲ್ಯಾಬ್ ಬಿಡಲಿಲ್ಲ. 1934ರಲ್ಲಿ ರೆಹೊವೊತ್‌ನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದರು. ಅದಕ್ಕೆ ಇವತ್ತು ಅವರದೇ ಹೆಸರು. 1942ರಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದ ಮಗ ಮೈಕಲ್ ಹಾರಾಟಕ್ಕೆ ಹೋದವನು ವಾಪಸ್ ಬರಲಿಲ್ಲ. ಒಂದು ಯುದ್ಧಕ್ಕೆ ಮದ್ದು ಕೊಟ್ಟ ತಂದೆಯಿಂದ ಇನ್ನೊಂದು ಯುದ್ಧ ಮಗನನ್ನೇ ಕಿತ್ತುಕೊಂಡಿತು. 1949ರಲ್ಲಿ ಅಧ್ಯಕ್ಷರಾದ ವೈಜ್‌ಮನ್ 1952ರ ನವೆಂಬರ್ 9ರಂದು ತೀರಿಕೊಂಡರು.

ಅವರು ಬಿಟ್ಟುಹೋದ ಪ್ರಶ್ನೆ ಇನ್ನೂ ಜೀವಂತವಾಗಿದೆ. 1989ರಲ್ಲಿ ಜಪಾನಿನ ಇನೊಯೆ ಮತ್ತು ಹೊರಿಕೊಶಿ, ಟಾಲ್ವೀನ್ ತುಂಬಿದ ದ್ರವದಲ್ಲೂ ಬೆಳೆಯುವ ಸ್ಯೂಡೊಮೊನಾಸ್ ತಳಿಯನ್ನು ತೋರಿಸಿದರು. ಇಂಥ ತಳಿಗಳು ಒಳಬಂದ ವಿಷವನ್ನು ಪಂಪ್ ಮಾಡಿ ಹೊರಹಾಕುತ್ತವೆ ಅಂತ ಆಮೇಲೆ ಗೊತ್ತಾಯಿತು. ಆದರೆ ಪಂಪ್ ಓಡಿಸೋಕೂ ಶಕ್ತಿ ಬೇಕು. ಆ ಶಕ್ತಿ ಪ್ರಾಡಕ್ಟ್ ಮಾಡುವ ಲೆಕ್ಕದಿಂದಲೇ ಹೋಗಬೇಕು. ಈ ಲೆಕ್ಕ ಸರಿಮಾಡುವವರು ನಮ್ಮ ಕ್ಲಾಸಿನಿಂದಲೂ ಯಾಕೆ ಬರಬಾರದು? ಮುಂದಿನ ಸಲ ಅಸಿಟೋನ್ ಬಾಟಲಿ ಹಿಡಿದಾಗ ಒಂದು ಕ್ಷಣ ಯೋಚಿಸೋಣ.